ಮೇಲ್ಮನೆಯಲ್ಲಿ ಉಳಿದ ಪತ್ರ

ಒಗೆದ ಬೆಡ್‌ಶೀಟಿನ ಒಂದು ತುದಿ ಸೊಸೆಯ ಕೈಯಲ್ಲಿ, ಇನ್ನೊಂದು ಅತ್ತೆಯ ಕೈಯಲ್ಲಿ. ಹಿಂಡುತ್ತ ಹಿಂಡುತ್ತಲೇ ಅತ್ತೆ, ತಂಗಿಗೆ ಬರೆದ ಪತ್ರ ಇನ್ನೂ ಮಹಡಿಯ ಮೇಲೇ ಇದೆಯೇ ಎಂದು ಕೇಳಿದಳು. ಮಾವನ ಮೇಜಿನ ಮೇಲೆ ಹಾಗೇ ಬಿದ್ದಿದೆ ಎಂದಳು ಸೊಸೆ.

ಅತ್ತೆಯ ಗಂಡ, ಶಾಸಕರು ಸೇರುವ ದೊಡ್ಡ ಕಟ್ಟಡದಲ್ಲಿ ಮೇಲ್ಮನೆಯ ಬಾಗಿಲು ಕಾದು ನಿವೃತ್ತನಾದವನು. ಅಲ್ಲಿಯ ಮಾತುಗಳನ್ನೆಲ್ಲ ಪಿಂಚಣಿಯ ಜೊತೆಗೇ ಮನೆಗೆ ತಂದಿದ್ದ. ಜನ ಆರಿಸಿ ಕಳಿಸಿದವರದು ಸಭೆ, ಹಿರಿಯರು ಕೂರುವುದು ಪರಿಷತ್ತು, ಎರಡೂ ಕೂಡಿದರೆ ವಿಧಾನಮಂಡಲ. ಪೇಪರಿನವರು ಒಂದರ ಬದಲು ಇನ್ನೊಂದು ಬರೆದರೆ ಅವತ್ತಿಡೀ ಗೊಣಗಾಟ. ಮಹಡಿಯ ತನ್ನ ಕೋಣೆಗೆ ಮೇಲ್ಮನೆ, ಅಡುಗೆಮನೆಗೆ ಕೆಳಮನೆ ಎಂದು ಹೆಸರಿಟ್ಟವನೂ ಅವನೇ. ಹೊಸ ಪರದೆಯಾಗಲಿ ಕೆಟ್ಟ ನಲ್ಲಿಯಾಗಲಿ, ಕೆಳಗೆ ತೀರ್ಮಾನವಾದದ್ದು ಮೇಲೆ ಹೋಗಿ ಒಪ್ಪಿಗೆ ಪಡೆಯಬೇಕು. ಇಷ್ಟವಿಲ್ಲದ್ದೆಲ್ಲ ‘ಪರಿಶೀಲನೆಯಲ್ಲಿದೆ’.

ತಂಗಿ ಒಂಟಿ ಜೀವ, ಕಿವಿ ಮಂದ, ಫೋನು ಆಗಿಬರದು. ತಿಂಗಳ ಕೊನೆಗೆ ಬಾಡಿಗೆ ಮನೆ ಬಿಡಬೇಕಾಗಿದೆ, ನಿಮ್ಮಲ್ಲಿಗೆ ಬರಲೇ ಎಂದು ಬರೆದಿದ್ದಳು. ಬಾ ಎಂದು ಅಕ್ಕ ಬರೆದ ಉತ್ತರ ಮೇಲೆ ಹತ್ತಿದ್ದು ಇಳಿಯಲೇ ಇಲ್ಲ. ಎಂದೋ ಒಂದು ಮದುವೆಮನೆಯಲ್ಲಿ ತಂಗಿ, ಭಾವನದು ಬಾಗಿಲು ತೆಗೆಯುವ ಹುದ್ದೆ ಎಂದು ನಾಲ್ಕು ಜನರೆದುರು ನಕ್ಕಿದ್ದಳು. ಅದಿನ್ನೂ ಅವನಿಗೆ ಜೀರ್ಣವಾಗಿರಲಿಲ್ಲ. ಇನ್ನೊಂದು ಪತ್ರ ಬರೆದು ಡಬ್ಬಿಗೆ ಹಾಕುವುದು ಅಕ್ಕನಿಗೇನೂ ಕಷ್ಟವಲ್ಲ. ಆದರೆ ಮುಖ ಗಂಟಿಕ್ಕಿಕೊಂಡವನ ಮನೆಗೆ ತಂಗಿಯನ್ನು ಕರೆಯಲು ಮನಸ್ಸು ಬರಲಿಲ್ಲ. ಈಗ ತಿಂಗಳ ಕೊನೆ ಹತ್ತಿರ ಬಂದಿತ್ತು.

ಬಟ್ಟೆ ಹರವಿ ಅತ್ತೆ ಮಹಡಿ ಹತ್ತಿದಳು.

“ಏನ್ರೀ, ಮೇಲ್ಮನೆ ಒಪ್ಪದಿದ್ರೆ ಮಸೂದೆ ಸತ್ತೇ ಹೋಗುತ್ತಾ?”

ಇಂಥ ಪ್ರಶ್ನೆ ಕೇಳಿದರೆ ಅವನಿಗೆ ಹಬ್ಬ. ಕನ್ನಡಕ ತೆಗೆದಿಟ್ಟ. “ಯಾರು ಹೇಳಿದ್ದು? ತಡ ಮಾಡಬಹುದು, ಅಷ್ಟೆ. ಕೆಳಮನೆ ಎರಡನೇ ಸಲ ಪಾಸು ಮಾಡಿದ್ರೆ ಮುಗೀತು. ಜನರ ಸಭೆ ಕಣೇ ಅದು.”

“ಹಾಗಾದ್ರೆ ಈಗ ತಾನೇ ಎರಡನೇ ಸಲ ಪಾಸಾಯ್ತು. ನಾನೂ ಸೊಸೇನೂ ಸೇರಿ.”

ಅಷ್ಟು ವರ್ಷ ನಿಯಮದ ಪಕ್ಕದಲ್ಲೇ ನಿಂತವನು ಅದನ್ನು ಇಲ್ಲವೆನ್ನುವುದು ಹೇಗೆ? ನಿನ್ನ ತಂಗಿಯ ನಾಲಿಗೆ ಒಂದಿದೆಯಲ್ಲ ಎಂದು ಮೆಲ್ಲಗೆ ರಾಗ ಎಳೆದ.

“ಹರಿತ, ನಿಜ. ಬಂದ ಮೇಲೆ ನೀವೂ ಎದುರು ಮಾತಾಡಿ. ಹೇಗೂ ಅವಳಿಗೆ ಅರ್ಧ ಕೇಳಿಸಲ್ಲ.”

ನಗು ಬಂದದ್ದನ್ನು ಮೀಸೆಯಲ್ಲಿ ಅಡಗಿಸಿ, ಪೆನ್ನು ತೆಗೆದು ಪತ್ರದ ಕೆಳಗೆ ಒಂದು ಸಾಲು ಸೇರಿಸಿದ: ಬರುವ ದಿನ ತಿಳಿಸು, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಲಕೋಟೆಗೆ ಅಂಟು ಹಚ್ಚಿ, ಸೊಸೆ ಹಾಕಿ ಬರುತ್ತಾಳೆ ಎಂದರೂ ಕೇಳದೆ, ಚಪ್ಪಲಿ ಮೆಟ್ಟಿಕೊಂಡು ಹೋಗಿ ರಸ್ತೆ ತಿರುವಿನ ಅಂಚೆ ಡಬ್ಬಿಗೆ ತಾನೇ ಹಾಕಿ ಬಂದ.