ದೇವರಾಜನ ವಾಲ್ವ್ ಸೆಟ್

ಶಿಕಾರಿಪುರದ ಆನಂದಪ್ಪನವರು ಲೋಹದ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟುವವರಲ್ಲ. ನಲ್ಲಿಯಾಗಲಿ, ಬಾಗಿಲ ಚಿಲಕವಾಗಲಿ, ಬಸ್ಸಿನ ಕಂಬಿಯಾಗಲಿ, ಹೋಟೆಲಿನವನು ತಂದಿಟ್ಟ ಸ್ಟೀಲಿನ ಲೋಟವೇ ಆಗಲಿ, ಕೈಯ ಹಿಂಬದಿಯನ್ನು ಒಂದು ಕ್ಷಣ ತಾಗಿಸಿ, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಹಿಡಿಯುತ್ತಾರೆ. ಕರೆಂಟು ಹರಿದರೆ ಅಂಗೈ ತಾನಾಗಿ ಬಿಗಿದುಕೊಂಡುಬಿಡುತ್ತದೆ, ಆಮೇಲೆ ಬಿಡಿಸಿಕೊಳ್ಳಲಾಗದು. ಎದೆಯ ಜೇಬಿಗೆ ಟೆಸ್ಟರ್ ಸಿಕ್ಕಿಸಿದ ಖಾಕಿ ಕೋಟು, ನೆಲ ನೋಡುತ್ತ ಇಡುವ ಸಣ್ಣ ಹೆಜ್ಜೆ, ಯಾವ ಪ್ರಶ್ನೆಗೂ ಹೌದು ಅಲ್ಲ ಎನ್ನದೆ “ನೋಡಾಣ ರೀ” ಎಂದು ಮುಗಿಸುವ ಮಾತು. ಇವೆಲ್ಲ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡಿರುವವರ ಜಾಗ್ರತೆಯೆಂದೇ ಪೇಟೆಯವರೆಲ್ಲ ತಿಳಿದಿದ್ದರು. ಆ ಜಾಗ್ರತೆ ಒಬ್ಬ ಗೆಳೆಯನ ಸಾವಿನಿಂದ ಕಲಿತದ್ದೆಂಬುದು ಬಹಳ ಮಂದಿಗೆ ತಿಳಿಯದು.

ಸೊರಬದ ಕಡೆಯ ಕುಬಟೂರಿನ ದೇವರಾಜನೂ ಇವರೂ ಯೌವನದಲ್ಲಿ ಜೊತೆಯಾಗಿ ಮೈಕ್‌ಸೆಟ್ ನಡೆಸಿದವರು. ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲಷ್ಟೇ ನುಡಿಯುತ್ತಿದ್ದ ಆ ಭಾರವಾದ ಆಂಪ್ಲಿಫೈಯರೇ ಇಬ್ಬರ ಅನ್ನವಾಗಿತ್ತು. ಬಂದಳಿಕೆಯಲ್ಲಿ ನಾಟಕವಿದ್ದ ಒಂದು ಸಂಜೆ, ಮಳೆ ಹನಿದು ತೇವಗೊಂಡ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕು ಹಿಡಿದ ದೇವರಾಜ, ಅದನ್ನು ಹಿಡಿದುಕೊಂಡೇ ಬಿದ್ದ. ಮತ್ತೆ ಏಳಲಿಲ್ಲ. ಕುಡಿದು ತಂತಿಗೆ ಕೈ ಹಾಕಿದನಂತೆ ಎಂದು ಯಾರೋ ಅಂದರು, ಅದೇ ಊರಿಂದೂರಿಗೆ ಹೋಯಿತು. ಅವನ ಹೆಂಡತಿ ನಾಗವೇಣಿ ಆ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿ, ಗದ್ದೆ ನೋಡಿಕೊಂಡು, ಒಬ್ಬಳೇ ಮಗಳನ್ನು ಬೆಳೆಸಿದರು.

ಮೊನ್ನೆ ಬೇಸಗೆಯ ಮೊದಲಿಗೆ ಹಂಚು ಇಳಿಸಿ ಶೀಟು ಹಾಕಿಸುವಾಗ ಅಟ್ಟದ ಪೆಟ್ಟಿಗೆ ಕೆಳಗಿಳಿಯಿತು. ಆಕೆ ಅದನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದು ಆನಂದಪ್ಪನವರ ಅಂಗಡಿಯಲ್ಲಿಟ್ಟರು.

“ಇದನ್ನ ರಿಪೇರಿ ಮಾಡಿ ನೋಡಿ ಆನಂದಣ್ಣ. ತಪ್ಪು ಪೆಟ್ಟಿಗೇದಾ, ಅವ್ರದಾ, ಅಷ್ಟು ಗೊತ್ತಾದ್ರೆ ಸಾಕು ನಂಗೆ.”

“ನೋಡಾಣಮ್ಮ,” ಎಂದರು ಆನಂದಪ್ಪನವರು. ತಪ್ಪು ಮೂರನೆಯವರದ್ದೂ ಆಗಿರಬಹುದೆಂದು ಆಕೆಗೆ ಹೊಳೆದಿರಲಿಲ್ಲ, ಇವರು ಹೇಳಲೂ ಇಲ್ಲ.

ಆ ಬೇಸಗೆಯುದ್ದಕ್ಕೂ ಪೆಟ್ಟಿಗೆ ಅವರನ್ನು ಸೋಲಿಸುತ್ತಲೇ ಹೋಯಿತು. ಒಳಗೆ ಇಲಿಗಳು ಗೂಡು ಕಟ್ಟಿ ತಂತಿಗಳ ಮೇಲಿನ ಹೊದಿಕೆಯನ್ನೆಲ್ಲ ತಿಂದಿದ್ದವು. ಅವನ್ನು ಬದಲಿಸಿದರೆ ಹಳೆಯ ಕಂಡೆನ್ಸರ್ ಪಟ್ಟೆಂದು ಸಿಡಿದು ಅಂಗಡಿಯ ತುಂಬ ಸುಟ್ಟ ಕಾಗದದ ನಾತ. ಎಷ್ಟೋ ಜನರನ್ನು ಕೇಳಿ ಹುಬ್ಬಳ್ಳಿಯಿಂದ ತರಿಸಿದ ವಾಲ್ವು ಬಸ್ಸಿನ ಪಾರ್ಸೆಲ್ಲಿನಲ್ಲೇ ಒಡೆದುಹೋಗಿತ್ತು. ಇನ್ನೊಂದು ಬಂದು ಕೂತಾಗ, ಮಾತಿಗಿಂತ ಜೋರಾಗಿ ಗುಂಯ್ಯೆನ್ನುವ ಸದ್ದು. ಕಡೆಗೊಂದು ಮಧ್ಯಾಹ್ನ ಟ್ರಾನ್ಸ್‌ಫಾರ್ಮರೇ ಹೊಗೆಯಾಡಿ ಸುಟ್ಟುಹೋಯಿತು.

ಆನಂದಪ್ಪನವರು ಪ್ಲಗ್ಗು ಕಿತ್ತರು. ಅಂದು ಪೆಟ್ಟಿಗೆಯ ಮೈಗೆ ಕರೆಂಟು ಸೋರಿದ್ದರೆ ಅದು ಈ ಟ್ರಾನ್ಸ್‌ಫಾರ್ಮರಿನಿಂದಲೇ ಸೋರಿರಬೇಕು. ಆದರೆ ಸೋರಿಕೆ ಅಳೆದು ನೋಡುವ ಮೊದಲೇ ಅಟ್ಟದ ತೇವ ಆರಲೆಂದು ಅದನ್ನು ಬಿಸಿಲಿಗಿಟ್ಟವರೂ ಅವರೇ, ಈಗ ಸುಟ್ಟವರೂ ಅವರೇ. ನಾಗವೇಣಿಯ ಪ್ರಶ್ನೆಗೆ ಉತ್ತರ ಸಿಗಬಹುದಾಗಿದ್ದ ಏಕೈಕ ಜಾಗವನ್ನು ಅವರ ಕೈಯೇ ಅಳಿಸಿಹಾಕಿತ್ತು.

ಹೊಸದಾಗಿ ತಾಮ್ರ ಸುತ್ತಿಸಲು ಅದನ್ನು ಸೊರಬದ ಈಶ್ವರ್ ಬಳಿಗೆ ಒಯ್ದರು. ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುವ ಈಶ್ವರ್ ಎಲ್ಲ ಕೇಳಿಸಿಕೊಂಡು ಹೇಳಿದ:

“ಈ ಸುಟ್ಟಿದ್ದನ್ನೇ ತೋರ್ಸಿ ಮಾರಾಯ್ರೆ. ಪೆಟ್ಟಿಗೇದೇ ತಪ್ಪು ಅಂದ್ಬಿಡಿ. ಆಯಮ್ಮಂಗೂ ಸಮಾಧಾನ ಆಗುತ್ತೆ.”

“ಅದು ಹೌದೋ ಅಲ್ಲೋ ನಂಗೇ ಗೊತ್ತಿಲ್ಲಪ್ಪ. ಗೊತ್ತಿರೋದೇ ಬೇರೆ ಐತಿ.”

ಹೊಸ ಸುತ್ತಿನ ಟ್ರಾನ್ಸ್‌ಫಾರ್ಮರ್ ಕೂರಿಸಿದ ಮೇಲೆ ಪೆಟ್ಟಿಗೆ ನುಡಿಯಿತು, ಗುಂಯ್‌ಗುಡುವುದು ಪೂರ್ತಿ ಹೋಗದಿದ್ದರೂ. ಅದನ್ನು ಕುಬಟೂರಿಗೆ ಒಯ್ದು ನಾಗವೇಣಿಯವರ ಜಗಲಿಯ ಮೇಲಿಟ್ಟು, ಪ್ಲಗ್ಗು ಹಾಕುವ ಮುಂಚೆ ಅಂಗಳದಲ್ಲಿ ಕಬ್ಬಿಣದ ಸರಳೊಂದನ್ನು ನೆಟ್ಟು, ನೀರು ಹೊಯ್ದು, ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಪೆಟ್ಟಿಗೆಯ ಮೈಯಿಂದ ಅದಕ್ಕೆ ತಂತಿ ಎಳೆದರು. ಆಮೇಲೆ ತಲೆ ತಗ್ಗಿಸಿಯೇ ಹೇಳಿದರು:

“ಪೆಟ್ಟಿಗೆ ತಪ್ಪೋ ಅಲ್ಲೋ ಗೊತ್ತಾಗ್ಲಿಲ್ಲ ನಾಗವೇಣಮ್ಮ. ಗೊತ್ತಾಗ್ಬೋದಾಗಿದ್ದನ್ನ ನಾನೇ ಸುಟ್ಟೆ. ಆದ್ರೆ ಈ ಸರಳು ನೆಡೋದು ಅವತ್ತು ನನ್ ಕೆಲ್ಸ. ಕೆಳಗೆ ಬಂಡೆ ಇತ್ತು, ಇಳೀಲಿಲ್ಲ. ಬೇರೆ ಕಡೆ ಆಮೇಲೆ ನೆಡಾಣ ಅಂತ ಗೋಡೆಗೆ ಒರಗಿಸಿ ಹೋದೆ. ನೆಟ್ಟಿದ್ರೆ ಅವ ಉಳೀತಿದ್ದ.”

“ಕುಡ್ದಿದ್ರಾ ಅವ್ರು?”

“ಇಲ್ಲಮ್ಮ. ಒಂದು ತೊಟ್ಟೂ ಕುಡ್ದಿರ್ಲಿಲ್ಲ.”

ನಾಗವೇಣಿ ಅಂಗಳದ ಸರಳನ್ನೇ ದಿಟ್ಟಿಸಿದರು. “ಮಗಳನ್ನ ನೋಡಕ್ಕೆ ಬಂದೋರು ಕುಡುಕನ ಮನೆ ಅಂತ ಎದ್ದು ಹೋದ್ರು. ಅವತ್ತು ನೀವೂ ಇದೇ ಜಗಲೀಲಿ ಕೂತಿದ್ರಿ.” ಆಮೇಲೆ ಪೆಟ್ಟಿಗೆಯತ್ತ ನೋಡಿ, “ಇದು ಊರಿಗೆಲ್ಲ ಕೇಳುತ್ತಾ?” ಎಂದರು.

“ಕೇಳುತ್ತೆ.”

“ಹಂಗಾರೆ ನನ್ ಹತ್ರ ಹೇಳಿದ್ದು ಸಾಲ್ದು. ಅದ್ರಲ್ಲಿ ಹೇಳಿ.”

ಆನಂದಪ್ಪನವರು ಎದ್ದು, ಪೆಟ್ಟಿಗೆಯ ಜೊತೆ ತಂದಿದ್ದ ಹಾರ್ನ್ ಸ್ಪೀಕರನ್ನು ಜಗಲಿಯ ಕಂಬಕ್ಕೆ ಬೀದಿಯ ಕಡೆ ಮುಖವಾಗಿ ಕಟ್ಟಿದರು. ವಾಲ್ವುಗಳು ಕಾದ ಮೇಲೆ, ಕೈಯ ಹಿಂಬದಿ ತಾಗಿಸಿ ನೋಡಿ, ಮೈಕು ಹಿಡಿದರು. “ನಾನು ಶಿಕಾರಿಪುರದ ಆನಂದಪ್ಪ,” ಎಂದಿತು ಹಾರ್ನು, ಗುಂಯ್‌ಗುಡುತ್ತಲೇ. “ದೇವರಾಜ ಕುಡ್ದು ಸತ್ತವನಲ್ಲ. ಸರಳು ನೆಟ್ಟು ಅರ್ತಿಂಗ್ ಕೊಡೋದು ನನ್ ಕೆಲ್ಸ ಆಗಿತ್ತು. ನಾನು ಕೊಟ್ಟಿರ್ಲಿಲ್ಲ. ಊರೋರು ಕುಡುಕ ಅಂದಾಗ ಸುಮ್ನಿದ್ದೆ.” ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವರು ಬೀದಿಯಲ್ಲೇ ನಿಂತರು. ಎದುರು ಮನೆಯ ಮುದುಕಿಯೊಬ್ಬಳು ಹೊಸ್ತಿಲಿಗೆ ಬಂದು ಕೇಳಿಸಿಕೊಂಡು, ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾಗವೇಣಿ ಬಂದು ಸ್ವಿಚ್ಚು ಆರಿಸಿದರು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಆನಂದಪ್ಪನವರು ಕತ್ತಲಾಗುವವರೆಗೂ ಅದೇ ಜಗಲಿಯ ಅಂಚಿನಲ್ಲಿ ಕೂತಿದ್ದು, ಕಡೆಯ ಬಸ್ಸಿಗೆ ಹೊರಟರು.

ಕೆಟ್ಟದ್ದನ್ನು ಸರಿಮಾಡಿ ಬದುಕುವವರಿಗೆ, ಬಿಚ್ಚಿ ಜೋಡಿಸಿದರೆ ಸರಿಹೋಗದ್ದು ಲೋಕದಲ್ಲಿ ಯಾವುದೂ ಇಲ್ಲವೆಂಬ ವಿಶ್ವಾಸವಿರುತ್ತದೆ. ಆ ವಿಶ್ವಾಸದ ಮರೆಯಲ್ಲಿ ಅವರು ಆಡಬೇಕಾದ ಮಾತನ್ನು ಮುಂದೂಡುತ್ತ, ಅದರ ಬದಲಿಗೆ ಕೈಗೆಲಸವನ್ನೇ ಒಪ್ಪಿಸುತ್ತ ಬರುತ್ತಾರೆ. ಯಾವುದೋ ಒಂದು ರಿಪೇರಿ ಸೋತು, ಕೈಗೆ ಮಾಡಲು ಏನೂ ಉಳಿಯದೆ ಹೋದಾಗಷ್ಟೇ ಅವರ ಬಾಯಿ ತೆರೆಯುತ್ತದೆ. ಅಷ್ಟರಲ್ಲಿ ಆ ಮಾತಿಗಾಗಿ ಕಾದವರ ಆಯುಷ್ಯದ ಬಹುಪಾಲು ಕಳೆದುಹೋಗಿರುತ್ತದೆ.