ಒಂದು ಗೇಣು ಈಚೆಗೆ

ನನ್ನ ಗಂಡನಿಗೆ ಕಸ ಕಂಡರಾಗದು. ಒಳ್ಳೆಯ ಗುಣವೇ, ನಾನೇನೂ ಬೇಡ ಎನ್ನುವುದಿಲ್ಲ. ಆದರೆ ನಮ್ಮ ವರ್ಕ್‌ಶಾಪಿನಲ್ಲಿ ಯಂತ್ರದ ಅಡಿಗೆ ನಾಲ್ಕು ಕಬ್ಬಿಣದ ಚೂರು ಸೇರಿಕೊಂಡರೂ ಈ ಮನುಷ್ಯನಿಗೆ ಊಟ ಸೇರುವುದಿಲ್ಲ. ಯಂತ್ರಕ್ಕೆ ಹಾರೆ ಕೊಟ್ಟು ಮೀಟಿ, ಈಚೆಗೆ ಸರಿಸಿ, ಅಡಿಯಲ್ಲಿ ಗುಡಿಸಬೇಕು. ನಮ್ಮ ಮಾವನವರು ಹಾಕಿಕೊಟ್ಟ ಪದ್ಧತಿ. ಬೀದಿಯವರೆಲ್ಲ ಇವರನ್ನು ಪೊರಕೆ ಸಾಹುಕಾರ ಎಂದೇ ಕರೆಯುವುದು.

ಈ ಸಲ ಹಾರೆ ಬಿದ್ದದ್ದು ಕಬ್ಬಿಣ ಕಡೆಯುವ ಹೊಸ ಕಂಪ್ಯೂಟರ್ ಲೇತಿಗೆ. ಅದೂ ನಾನು ಊಟಕ್ಕೆ ಹೋದ ಹೊತ್ತು ನೋಡಿ, ಒಳಗೆ ನನ್ನ ನಾದಿನಿಗೆಂದು ಮಾಡುತ್ತಿದ್ದ ಹೊಸ ಶಾಫ್ಟು ಮುಕ್ಕಾಲು ಕೆಲಸವಾಗಿ ಕೂತಿರುವಾಗ.

ನಾದಿನಿಯದು ಲಾಂಡ್ರಿ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದೇ ಅವಳ ಮನೆ ನಡೆಯಬೇಕು. ಒಗೆಯುವ ದೊಡ್ಡ ಯಂತ್ರವನ್ನು ತಿರುಗಿಸುವ ಶಾಫ್ಟು ಮುರಿದು, ಬಟ್ಟೆ ಗುಡ್ಡೆ ಬಿದ್ದಿತ್ತು. ಸಂಜೆಯೊಳಗೆ ಯಂತ್ರ ತಿರುಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಅವಳು ನಮ್ಮ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳು.

ನಾನು ಕೈ ಒರೆಸಿಕೊಂಡು ಬಂದರೆ ಪರದೆ ಕೆಂಪಗಿತ್ತು. 'ಯಂತ್ರದ ಸ್ಥಳ ಬದಲಾಗಿದೆ. ಬಳಕೆ ನಿಲ್ಲಿಸಲಾಗಿದೆ.' ಬಾಗಿಲಿಗೂ ಬೀಗ.

"ಏನ್ರೀ ಮಾಡಿದ್ರಿ ಇದಕ್ಕೆ?"

"ಏನಿಲ್ಲ. ಒಂದು ಗೇಣು ಈಚೆಗೆ ಎಳೆದೆ, ಗುಡಿಸಿದೆ, ವಾಪಸ್ ಅಲ್ಲೇ ತಳ್ಳಿದೆ. ಅಡಿಯಲ್ಲಿ ಎಷ್ಟು ಕಸ ಇತ್ತು ಗೊತ್ತಾ ನಿಂಗೆ?"

ಹಣೆ ಚಚ್ಚಿಕೊಂಡು ಯಂತ್ರ ಮಾಡಿದ ಕಂಪನಿಗೆ ಫೋನ್ ಹಚ್ಚಿದೆ. ಎತ್ತಿದ ಹುಡುಗಿಯ ಮಾತಿನಲ್ಲಿ ಜೇನು ಸುರಿಯುತ್ತಿತ್ತು.

"ಯಂತ್ರವನ್ನ ಎಲ್ಲಿಗೆ ಸಾಗಿಸಿದ್ದೀರಿ ಮೇಡಂ?"

"ಎಲ್ಲಿಗೂ ಇಲ್ಲಮ್ಮ. ಕಸ ಗುಡಿಸಿದ್ವಿ."

"ನೀವು ಬೇರೆ ಕಡೆ ಮಾರಿಲ್ಲ ಅಂತ ನಮ್ಮ ಇಂಜಿನಿಯರ್ ಬಂದು ನೋಡ್ಬೇಕು ಮೇಡಂ. ಸದ್ಯಕ್ಕೆ ಯಾರೂ ಬಿಡುವಾಗಿಲ್ಲ. ಎರಡು ವಾರ ಆಗಬಹುದು."

"ಇದು ನಾವು ಕೊಂಡಿರೋ ಯಂತ್ರ ತಾನೆ?"

"ಹೌದು ಮೇಡಂ. ಅಭಿನಂದನೆಗಳು."

"ಬಾಗಿಲಾದ್ರೂ ತೆಗೀರಿ. ಒಳಗಿರೋ ಶಾಫ್ಟು ನಿಮ್ದಲ್ಲ."

"ಬಾಗಿಲೂ ಯಂತ್ರದ ಭಾಗವೇ ಮೇಡಂ."

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದನ್ನು ಕೇಳಿದ್ದೆ. ಅಂದು ಕೋಡಂಗಿ ಹೇಗಿರುತ್ತಾನೆ ಎಂದು ಆ ಕೆಂಪು ಪರದೆಯಲ್ಲೇ ನನ್ನ ಮುಖ ನೋಡಿಕೊಂಡೆ.

ನಾದಿನಿ ಬಾಗಿಲಿನ ಗಾಜಿಗೆ ಹಣೆಯಾನಿಸಿ ನಿಂತಿದ್ದಳು. ಶಾಫ್ಟು ಒಳಗೆ ಮೊಳ ದೂರದಲ್ಲೇ ಇತ್ತು. "ಬಿಡಿ ಅತ್ತಿಗೆ, ಆಸ್ಪತ್ರೆಗೆ ಆಗಲ್ಲ ಅಂತ ಹೇಳಿಬಿಡ್ತೀನಿ," ಎಂದಳು ಮೆತ್ತಗೆ. ಉಪ್ಪು ಹೆಚ್ಚಾಯಿತೆಂದು ಒಂದು ವಾರ ಜಗಳ ಕಾಯುವ ಹೆಣ್ಣು ಅದು. ಅವಳು ಹಾಗೆ ಮೆತ್ತಗಾದದ್ದು ನನ್ನಿಂದ ನೋಡಲಾಗಲಿಲ್ಲ.

ಕಬ್ಬಿಣ ಕೊಯ್ಯುವ ಗ್ರೈಂಡರ್ ಎತ್ತಿಕೊಂಡೆ.

"ಬಾಗಿಲು ಕೊಯ್ದರೆ ಅವರು ಇದನ್ನ ಮತ್ತೆ ಯಾವತ್ತೂ ಚಾಲೂ ಮಾಡಲ್ಲ ಕಣೇ. ಕರಾರಲ್ಲಿದೆ," ಎಂದರು ನನ್ನವರು.

"ಹಾರೆ ಹಿಡಿಯುವಾಗ ಎಲ್ಲಿ ಹೋಗಿತ್ತು ನಿಮ್ಮ ಕರಾರು?"

ಕೊಯ್ದೆ. ದಿನಾ ಬೆಳಿಗ್ಗೆ ನಾನೇ ಒರೆಸುತ್ತಿದ್ದ ಯಂತ್ರ. ಕಿಡಿ ಹಾರುತ್ತಿದ್ದರೆ ನನಗೆ ಅಳುವೇ ಬಂತು, ಅತ್ತೂಬಿಟ್ಟೆ. ಶಾಫ್ಟಿನ ತುದಿಗೆ ನಟ್ಟು ಕೂರುವ ತಿರುಪಿನ ಗೆರೆ ಕೊರೆಯುವುದಷ್ಟೇ ಬಾಕಿ. ಹಿಂದಿನ ಓಣಿಯಲ್ಲಿ ಕೈಯಿಂದ ನಡೆಸುವ ಹಳೇ ಲೇತಿದೆ, ಅದು ಯಾರಿಗೂ ಚಾಡಿ ಹೇಳುವುದಿಲ್ಲ. ನಾದಿನಿ ಶಾಫ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದಳು.

ಗ್ರೈಂಡರ್ ಇನ್ನೂ ಬಿಸಿಯಾಗಿತ್ತು, ಫೋನ್ ಬಡಿದುಕೊಂಡಿತು. ಅದೇ ಹುಡುಗಿ.

"ನಿಮ್ಮ ಯಂತ್ರದ ಬಾಗಿಲು ಮುರಿದಿರೋದು ಕಾಣ್ತಿದೆ ಮೇಡಂ. ನಮ್ಮವರು ಹೊರಟಾಯ್ತು. ಒಂದು ಗಂಟೆಯೊಳಗೆ ಅಲ್ಲಿರ್ತಾರೆ."

"ಎರಡು ವಾರ ಅಂದ್ರಲ್ಲಮ್ಮ?"

"ಅದು ತೆರೆಯೋದಕ್ಕೆ ಮೇಡಂ."

ನನ್ನವರು ಆಗಲೇ ಪೊರಕೆಗೆ ಕೈ ಹಾಕಿದ್ದರು. "ಯಾರೋ ಬರ್ತಾರೆ ಅಂದ್ಮೇಲೆ, ಅಡಿಯಲ್ಲಿ ಒಂದ್ಸಲ..." ನಾನು ಹಾರೆಯ ಮೇಲೆ ಕಾಲಿಟ್ಟು ನಿಂತೆ.

ಇಂಜಿನಿಯರ್ ಹೇಳಿದ ಹೊತ್ತಿಗೇ ಬಂದ. ಮುರಿದ ಬಾಗಿಲಿನ ಫೋಟೊ ತೆಗೆದ, ಗೋಡೆಯಿಂದ ಟೇಪು ಹಿಡಿದು ಅಳೆದ. "ಯಂತ್ರ ಇದ್ದ ಜಾಗದಲ್ಲೇ ಇದೆಯಲ್ಲ ಮೇಡಂ," ಎಂದ. ಅವನು ಎಲ್ಲ ಬರೆದುಕೊಂಡು ಮುಗಿಸುವಷ್ಟರಲ್ಲಿ ಸಂಜೆಯಾಗಿ, ನಾದಿನಿಯ ಫೋನ್ ಬಂತು. ಅವಳು ಏನು ಹೇಳುತ್ತಿದ್ದಳೋ, ಹಿಂದಿನಿಂದ ಒಗೆಯುವ ಯಂತ್ರದ ಗಡಗಡ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಫೋನನ್ನು ಇಂಜಿನಿಯರ್ ಕಿವಿಗೆ ಹಿಡಿದೆ.

"ಈ ಯಂತ್ರ ಎಲ್ಲಿದೆ ಅಂತ ಪತ್ತೆ ಮಾಡಿ ನೋಡೋಣ," ಎಂದೆ.