ಡಾಕ್ಟರಮ್ಮನ ಕಾರಿಗೆ ಸ್ಟಾರ್ಟರ್ ಮೋಟರು

೧೯೪೬ರ ಬೇಸಿಗೆಯಲ್ಲಿ ರಾಯದುರ್ಗದ ಡಾಕ್ಟರು ನಾಗಲಕ್ಷ್ಮಮ್ಮನವರ ಬಲ ಮಣಿಕಟ್ಟು ಮುರಿಯಿತು. ಅವರದು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಸ್ಟಾರ್ಟರ್ ಮೋಟರು ಸುಟ್ಟುಹೋದ ಮೇಲೆ ಎದುರಿಗೆ ಹ್ಯಾಂಡಲ್ ಹಾಕಿ ತಿರುವಿ ಇಂಜಿನು ಶುರು ಮಾಡುತ್ತಿದ್ದರು. ಒಂದು ಬೆಳಿಗ್ಗೆ ಹ್ಯಾಂಡಲ್ ಹಿಂದಕ್ಕೆ ಒದೆದು ಮಣಿಕಟ್ಟಿಗೆ ಬಡಿಯಿತು. ಸುತ್ತಿನ ಹಳ್ಳಿಗಳ ಹೆರಿಗೆಗೆ ಹೋಗಲು ಅವರಿಗೆ ಆ ಕಾರೇ ಗತಿ.

ಮೆಕ್ಯಾನಿಕ್ ಎರ್ರಿಸ್ವಾಮಿ ಮೋಟರು ಬಿಚ್ಚಿ ನೋಡಿದ. "ಇದು ರಿಪೇರಿ ಆಗಂಗಿಲ್ರಿ ಡಾಕ್ಟರಮ್ಮ. ಮಡಕಶಿರದಾಗ ಹಳೇ ಸಾಮಾನಿನ ಬೋರಪ್ಪ ಅದಾನ. ಅವನ ಹತ್ರ ಇಂಥದ್ದು ಸಿಗಬೌದು."

ಬಳ್ಳಾರಿ ಇಷ್ಟು ಹತ್ತಿರವಿರುವಾಗ ಮಡಕಶಿರ ಯಾಕೆ ಎಂದು ಡಾಕ್ಟರಮ್ಮನಿಗೆ ಅನುಮಾನ ಬಂತು. ಹಿಂದಿನ ವರ್ಷ ಬೇರೊಬ್ಬ ಮೆಕ್ಯಾನಿಕ್ ಅವರ ಹೊಸ ಬ್ಯಾಟರಿ ತೆಗೆದುಕೊಂಡು ಹಳೆಯದನ್ನು ಕೂರಿಸಿ ಕಳಿಸಿದ್ದ. ಆ ಸಂಜೆ ಅವರು, ಬದಲಾದರೆ ಗೊತ್ತಾಗಲೆಂದು, ಎಡಗೈಯಲ್ಲಿ ಮೊಳೆ ಹಿಡಿದು ಮೋಟರಿನ ಮೈಮೇಲೆ ತಮ್ಮ ಹೆಸರಿನ ಮೊದಲ ಅಕ್ಷರ ಗೀಚಿದರು.

"ನಾನೂ ಬರ್ತೀನಿ. ಮೋಟ್ರು ನನ್ನ ಹತ್ರಾನ ಇರ್ಲಿ" ಎಂದರು ಬೆಳಿಗ್ಗೆ.

ಎರಡು ಬಸ್ಸು ಬದಲಿಸುವಾಗಲೂ ಮೋಟರಿನ ಗೋಣಿಚೀಲವನ್ನು ಅವರು ಬಿಟ್ಟುಕೊಡಲಿಲ್ಲ.

"ಬಾರಪ್ಪಾ ಎರ್ರಿಸ್ವಾಮಿ, ಮನೇಲೆಲ್ಲ ಚೆನ್ನಾಗವ್ರಾ?" ಎಂದು ಬೋರಪ್ಪ ನಕ್ಕಾಗ ಡಾಕ್ಟರಮ್ಮ ಗೋಣಿಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಇಬ್ಬರೂ ಇಷ್ಟು ಸಲಿಗೆಯವರೇ?

ಬೋರಪ್ಪ ಎರಡು ಮೋಟರು ತಂದಿಟ್ಟ. ಒಂದು ತಿಕ್ಕಿ ಹೊಳೆಯಿಸಿದ್ದು, ಇನ್ನೊಂದು ಮಸಿ ಹಿಡಿದದ್ದು. ಡಾಕ್ಟರಮ್ಮ ತಾವೇ ಮೋಟರಿನ ತುದಿಯ ಗಾಲಿಯ ಹಲ್ಲು ಎಣಿಸಿದರು. ಸುಟ್ಟದ್ದೂ ಸೇರಿ ಮೂರರಲ್ಲೂ ಒಂಬತ್ತು. ಬೋಲ್ಟಿನ ತೂತುಗಳೂ ಒಂದೇ ಅಳತೆ.

"ಹೊಳೆಯೋದನ್ನೇ ತಗಳಿ ಅಮ್ಮಾವ್ರೆ" ಎಂದ ಬೋರಪ್ಪ.

"ಅದು ಬ್ಯಾಡ್ರಿ. ಮಸೀದು ತಗೊಳ್ರಿ" ಎಂದ ಎರ್ರಿಸ್ವಾಮಿ.

"ಯಾಕ? ಚಲೋದು ನಿನಗ ಉಳೀಲಿ ಅಂತನಾ?" ಎಂದರು ಡಾಕ್ಟರಮ್ಮ.

ಎರ್ರಿಸ್ವಾಮಿ ಸುಟ್ಟ ಮೋಟರನ್ನು ಕೈಗೆತ್ತಿಕೊಂಡ. "ಹಲ್ಲು ನೋಡ್ರಿ, ಎಲ್ಲಾ ಒಂದೇ ಮಗ್ಗಲು ಸವೆದಾವ. ಇದು ಬಲಕ್ಕ ತಿರುಗೋ ಮೋಟ್ರು. ಹೊಳೆಯೋದರ ಹಲ್ಲು ಇನ್ನೊಂದು ಮಗ್ಗಲು ಸವೆದಾವ." ಬೋರಪ್ಪನ ಕಡೆ ತಿರುಗಿ, "ಬ್ಯಾಟರಿ ಕೊಡಪ್ಪ" ಎಂದ.

"ಟೆಸ್ಟ್ ಯಾತಕ್ಕೋ? ನನ್ ಮ್ಯಾಲೆ ನಂಬ್ಕೆ ಇಲ್ವಾ?"

ಆದರೂ ಕೊಟ್ಟ. ತಂತಿ ತಾಗಿಸಿದಾಗ ಹೊಳೆಯುವ ಮೋಟರು ಎಡಕ್ಕೆ ತಿರುಗಿತು. ಮಸಿಯದು ಬಲಕ್ಕೆ.

"ಎಡದ್ದು ಹಾಕಿದ್ರ ಇಂಜಿನಿನ ಹಲ್ಲಿಗೆ ಕೂಡಂಗಿಲ್ರಿ. ಸುಮ್ನ ಗಿರ್ರ ಅಂತದ."

"ಬ್ಯಾರೆ ಗಾಡೀದು ಬೆರ್ತೋಗೈತೆ, ನಂಗೊತ್ತಿರ್ಲಿಲ್ಲ" ಎಂದು ಬೋರಪ್ಪ ಬೇರೆಡೆ ನೋಡಿದ. ನಿಜವೋ ಸುಳ್ಳೋ, ಡಾಕ್ಟರಮ್ಮನಿಗೆ ತಿಳಿಯಲಿಲ್ಲ.

ಹಳೆಯದನ್ನು ಚೀಲಕ್ಕೆ ಹಾಕುವಾಗ ಎರ್ರಿಸ್ವಾಮಿಯ ಹೆಬ್ಬೆರಳು ಒಂದು ಕಡೆ ನಿಂತಿತು. "ನಾ ಬಿಚ್ಚಿದಾಗ ಈ ಗೀಚು ಇರ್ಲಿಲ್ರಿ."

"ನಾನೇ ಗೀಚಿದ್ದು. ಹಿಂದ ಒಬ್ಬ ನನ್ನ ಬ್ಯಾಟರಿ ಬದಲಾಯಿಸಿದ್ದ."

"ಅವ ನಾನಲ್ರಿ."

"ಹೌದು. ತಪ್ಪಾತು, ಎರ್ರಿಸ್ವಾಮಿ."

ಅವನು ಚೀಲದ ಬಾಯಿ ಕಟ್ಟಿದ.

ಮರುದಿನ ಮಸಿಯ ಮೋಟರು ಕೂರಿಸಿ ಗುಂಡಿ ಒತ್ತಿದ್ದೇ ಇಂಜಿನು ಗುಡುಗಿತು. ಅದೇ ಮಧ್ಯಾಹ್ನ ಹಿರೇಹಾಳಿನಿಂದ ಹೆರಿಗೆಗೆ ಕರೆ ಬಂತು. ಡಾಕ್ಟರಮ್ಮನ ಕೈ ಇನ್ನೂ ಪಟ್ಟಿಯಲ್ಲಿತ್ತು. ಎರ್ರಿಸ್ವಾಮಿಯೇ ಕಾರು ಓಡಿಸಿದ. ಅವರು ಬಾಯಲ್ಲಿ ಹೇಳಿಕೊಟ್ಟಂತೆ ಊರಿನ ಸೂಲಗಿತ್ತಿ ಸುಂಕಲಮ್ಮ ಹೆರಿಗೆ ಮಾಡಿಸಿದಳು. ತಾಯಿ, ಮಗು ಇಬ್ಬರೂ ಉಳಿದರು.

ಕೈ ಗುಣವಾಗುವವರೆಗೆ ಅವನೇ ಓಡಿಸಿದ. ಕರೆದಾಗಲೆಲ್ಲ ಬಂದ. ದಾರಿಯಲ್ಲಿ ಮಾತ್ರ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.